ನಾಲ್ಕನೆಯ ಮೂಲೆ

ಆಗಸ್ಟ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಹದ್ದೂಮ್ ಎಂಬ ಹಾಡುಗಾರ್ತಿ ಕಾಸಾ ನಗರದ ದರ್ಬ್ ಗಲ್ಲೇಫ್ ಸಂತೆಯಲ್ಲಿರುವ ನನ್ನ ರಿಪೇರಿ ಅಂಗಡಿಗೆ ಬಂದರು. ವಯಸ್ಸು ಎಪ್ಪತ್ತರ ಹತ್ತಿರ. ಗಲ್ಲದ ಮೇಲೆ ಹಸಿರು ಹಚ್ಚೆ, ಅಂಗೈ ತುಂಬ ಹೊಸ ಮೆಹಂದಿ. ಅವರ ಹಿಂದೆ ಹೆಗಲಿಗೆ ಪಿಟೀಲಿನ ಪೆಟ್ಟಿಗೆ ನೇತುಹಾಕಿಕೊಂಡ ಜೀಲಾಲಿ ಎಂಬ ಮುದುಕ. ಅವನ ಎರಡೂ ತೋಳುಗಳ ಮೇಲೆ ಕಂಬಳಿ ಸುತ್ತಿದ ಒಂದು ಗಂಟು.

“ಮೆಲ್ಲಗಿಡು, ಅದು ಆಲೂಗಡ್ಡೆ ಮೂಟೆ ಅಲ್ಲ,” ಎಂದರು ಹದ್ದೂಮ್.

“ಮೂವತ್ತು ವರ್ಷದಿಂದ ನಿನ್ನ ಮಾತನ್ನೇ ಹೊತ್ಕೊಂಡು ತಿರುಗ್ತಾ ಇದೀನಿ. ಇದೇನು ಮಹಾ ಭಾರ,” ಎನ್ನುತ್ತ ಅವನು ಗಂಟನ್ನು ನನ್ನ ಮೇಜಿನ ಮೇಲಿಟ್ಟ.

ಕಂಬಳಿಯೊಳಗಿದ್ದದ್ದು ಹಳೆಯ ಗೇಮ್ ಕನ್ಸೋಲ್. ಹದಿನೈದು ವರ್ಷದ ಹಿಂದಿನ ಮಾದರಿ. ಕಪ್ಪು ಬಣ್ಣ, ಉಬ್ಬಿದ ಬೆನ್ನು, ಕಲ್ಲಿನ ಹಾಗೆ ಭಾರ. ಇಂಥವು ನನ್ನ ಕೈಗೆ ನೂರಾರು ಬಂದಿವೆ. ತರುವವರು ಕಾಲೇಜು ಹುಡುಗರು, ಇಲ್ಲವೆ ಹಳೆಯ ಆಟಗಳ ಹುಚ್ಚು ಬಿಡದ ಗುಮಾಸ್ತರು. ಮದುವೆಮನೆಗಳಲ್ಲಿ ಐತಾ ಎಂಬ ಹಳ್ಳಿಗಾಡಿನ ಹಾಡು ಹೇಳುವ ಶೀಖಾ, ಅಂದರೆ ವೃತ್ತಿಯ ಹಾಡುಗಾರ್ತಿ, ಒಬ್ಬರು ತಂದದ್ದು ಅದೇ ಮೊದಲು.

“ಏನಾಗಿದೆ ಖಾಲ್ತಿ?” ಎಂದು ಕೇಳಿದೆ, ಹಿರಿಯರನ್ನು ಚಿಕ್ಕಮ್ಮ ಎನ್ನುವ ಹಾಗೆ.

“ಉಬ್ಬಸ ಬಂದಿದೆ ಅದಕ್ಕೆ. ಹಾಕಿದ ಕೂಡ್ಲೆ ಬುಸುಗುಡತ್ತೆ. ನಾಲ್ಕು ನಿಮಿಷಕ್ಕೆ ಮೂರು ಸಲ ಕೂಗಿ, ಕೆಂಪು ದೀಪ ಹಚ್ಕೊಂಡು ಸತ್ತು ಬೀಳತ್ತೆ.”

ನಂತರ ಅವರು ಹೇಳಿದ ಕತೆ ಇದು. ಹದ್ದೂಮ್ ಅವರ ಗುರು ತಾಮು ಎಂಬ ಶೀಖಾ. ಆಕೆ ತೀರಿಕೊಂಡು ಇಪ್ಪತ್ತೆರಡು ವರ್ಷ. ಆಕೆ ಹಾಡುತ್ತಿದ್ದ ಒಂದು ದೀರ್ಘ ಐತಾಕ್ಕೆ ಐದು ಭಾಗ. ಅದನ್ನು ಪೂರ್ತಿ ಬಲ್ಲವಳು ಆಕೆಯೊಬ್ಬಳೇ. ಒಂದು ಮದುವೆಯಲ್ಲಿ ಆಕೆ ಅದನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದ್ದನ್ನು ಯಾರೋ ವಿಡಿಯೊ ಮಾಡಿದ್ದರು. ಹದ್ದೂಮ್ ಅವರ ತಂಗಿಯ ಮಗ, ಮನೆಯಲ್ಲಿದ್ದ ಮದುವೆ ಟೇಪುಗಳನ್ನೆಲ್ಲ ಡಿಸ್ಕುಗಳಿಗೆ ಇಳಿಸಿ, ಅಲ್ಲಿಂದ ತನ್ನ ಕನ್ಸೋಲಿಗೆ ತುಂಬಿಸಿದ್ದ. ಆಮೇಲೆ ಸೂರು ಸೋರಿ ಟೇಪುಗಳು ಬೂಷ್ಟು ಹಿಡಿದವು. ಡಿಸ್ಕುಗಳನ್ನು ಮಕ್ಕಳು ಗಾಳಿಪಟದ ಬಾಲಕ್ಕೆ ಕಟ್ಟಿದರು. ಹುಡುಗ ಮೀನಿನ ಹಡಗು ಹತ್ತಿ ದೂರದ ದಾಖ್ಲಾ ಬಂದರಿಗೆ ಹೋದ. ಉಳಿದದ್ದು ಈ ಪೆಟ್ಟಿಗೆ.

“ನಾಳೆ ಬೆಳಿಗ್ಗೆ ರಬಾತಿನಲ್ಲಿ ನನ್ನ ಹಾಡು ಹಿಡ್ಕೊಳ್ತಾರಂತೆ. ದೊಡ್ಡ ಸ್ಟುಡಿಯೊ. ಐದೂ ಭಾಗ ಬೇಕು ಅಂದ್ರು, ಆಗ್ಲಿ ಅಂದ್ಬಿಟ್ಟೆ. ಮೂರನೇ ಭಾಗ ನನಗೆ ಬರಲ್ಲ.”

“ಮರ್ತ್ಹೋಯ್ತಾ?”

“ಮರೆಯೋಕೆ ಕಲಿತಿದ್ರೆ ತಾನೆ. ಅದನ್ನ ಹಾಡೋವಾಗ ತಾಮು ನನ್ನ ಕೈಗೆ ತಮಟೆ ಕೊಟ್ಬಿಡ್ತಿದ್ಲು. ತಾಳ ನೋಡ್ಕೊಳ್ತಾ ಮಾತು ಬಿಟ್ಟೆ. ಆರು ಗಂಟೆ ರೈಲಿಗೆ ಹೋಗ್ಬೇಕು ಮಗಳೇ. ಅಷ್ಟರೊಳಗೆ ಒಂದೇ ಒಂದು ಸಲ ಕೇಳಿಸ್ಬಿಡು, ಸಾಕು.”

ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕಿದರಾಯಿತಲ್ಲ ಎಂದು ಜೀಲಾಲಿ ಕೇಳಿದ. ಆಗುವುದಿಲ್ಲ. ಈ ಕನ್ಸೋಲುಗಳಲ್ಲಿ ಡಿಸ್ಕಿಗೆ ಬೀಗ ಇರುತ್ತದೆ. ಅದರ ಕೀಲಿ ಇರುವುದು ಅದೇ ಬೋರ್ಡಿನಲ್ಲಿ. ಬೇರೆ ಎಲ್ಲಿ ಹಾಕಿದರೂ ಕಸ ಕಾಣುತ್ತದೆ. ಬೋರ್ಡು ಸತ್ತರೆ ಹಾಡೂ ಸತ್ತ ಹಾಗೆ. ಇದನ್ನು ಹೇಳಿದಾಗ ಹದ್ದೂಮ್ ಕಂಬಳಿಯನ್ನು ಮಡಚತೊಡಗಿದರು.

“ಮೊದಲು ಯಾರಾದ್ರೂ ಬಿಚ್ಚಿದ್ರಾ?”

ಅವರು ಗಲ್ಲದಿಂದ ಓಣಿಯ ಎದುರುಬದಿ ತೋರಿಸಿದರು. “ಅವನೇ. ವಸಂತದಲ್ಲಿ ಎರಡು ಸಲ. ಮೊದಲನೇ ಸಲ ಒಂದು ತಿಂಗಳು ಓಡ್ತು. ಎರಡನೇ ಸಲ ಒಂಬತ್ತು ದಿನ.”

ಎದುರುಬದಿಯಲ್ಲಿ ತೀಬಾರಿಯ ಅಂಗಡಿ. ‘ಹತ್ತು ನಿಮಿಷದಲ್ಲಿ ರಿಪೇರಿ’ ಎಂಬ ಫಲಕ. ತೀಬಾರಿ ಮತ್ತು ನಾನು ಒಂದೇ ಮೇಜಿನಲ್ಲಿ, ನನ್ನ ಸೋದರಮಾವನ ಕೈಕೆಳಗೆ ಕೆಲಸ ಕಲಿತವರು. ಮಾವ ಹೋದ ಮೇಲೆ ಅವನು ಸುಲಭದ ದಾರಿ ಹಿಡಿದ. ಬಿಸಿಯಾಗಿ ನಿಲ್ಲುವ ಬೋರ್ಡಿಗೆ ಇನ್ನಷ್ಟು ಬಿಸಿಗಾಳಿ ಊದಿದರೆ ಅದು ಕೆಲವು ದಿನ ಎದ್ದು ಕೂರುತ್ತದೆ, ಮತ್ತೆ ಬೀಳುತ್ತದೆ. ಅದನ್ನೇ ರಿಪೇರಿ ಎಂದು ಮಾರಿದ. ನಾನು ಅವನನ್ನು ಸಂತೆಯೆದುರು ಮೋಸಗಾರ ಎಂದೆ. ಅವನು ನನ್ನನ್ನು ಏನೆಂದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷದಿಂದ ನಮ್ಮ ನಡುವೆ ಮಾತಿಲ್ಲ. ಓಣಿಯ ಅಗಲ ಎರಡು ಮಾರು.

ಬಿಚ್ಚಿ ನೋಡಿದೆ. ಫ್ಯಾನು, ವಿದ್ಯುತ್ತಿನ ಪೆಟ್ಟಿಗೆ, ಶಾಖ ಹೀರುವ ದೊಡ್ಡ ಲೋಹದ ತುಂಡು, ಎಲ್ಲ ತೆಗೆದು ಬೋರ್ಡನ್ನು ಹೊರಗಿಟ್ಟೆ. ಅದರ ಮೇಲೆ ಎರಡು ಚಿಪ್‌ಗಳು, ಎರಡಕ್ಕೂ ಬಿಸ್ಕತ್ತಿನಷ್ಟಗಲದ ಲೋಹದ ಮುಚ್ಚಳ. ಒಂದು ಚಿತ್ರಗಳನ್ನು ನೋಡಿಕೊಳ್ಳುವುದು, ಇನ್ನೊಂದು ಮುಖ್ಯ ಪ್ರೊಸೆಸರ್. ಮುಚ್ಚಳಗಳ ಮೇಲೆ ಶಾಖ ಸಾಗಿಸಲೆಂದು ತೀಬಾರಿ ಹಚ್ಚಿದ ಹೊಸ ಪೇಸ್ಟ್ ಇತ್ತು. ಆದರೆ ಕಾಯಿಲೆ ಮುಚ್ಚಳದ ಕೆಳಗೆ. ಅಲ್ಲಿ ಕಾರ್ಖಾನೆಯಲ್ಲಿ ಹಚ್ಚಿದ ಪೇಸ್ಟ್ ಇಷ್ಟು ವರ್ಷಗಳಲ್ಲಿ ಒಣಗಿ ಸುಣ್ಣವಾಗಿರುತ್ತದೆ. ಚಿಪ್‌ನ ಬಿಸಿ ಮುಚ್ಚಳಕ್ಕೆ ಏರುವುದಿಲ್ಲ. ಮುಚ್ಚಳ ತೆಗೆಯದೆ ಬೇರೆ ದಾರಿಯಿಲ್ಲ. ಆ ಮುಚ್ಚಳವನ್ನು ನಾಲ್ಕೂ ಕಡೆ ರಬ್ಬರಿನಂಥ ಅಂಟಿನಿಂದ ಕೂರಿಸಿರುತ್ತಾರೆ.

“ಖಾಲ್ತಿ, ಮುಚ್ಚಳ ಬಂದ್ರೆ ಪೆಟ್ಟಿಗೆ ಬದುಕತ್ತೆ. ಬ್ಲೇಡು ಜಾರಿದ್ರೆ ಇಲ್ಲೇ ಮುಗೀತು. ಬೇಡ ಅಂದ್ರೆ ಈಗ್ಲೇ ಹೇಳಿ, ಹಾಗೇ ಜೋಡಿಸಿ ಕೊಡ್ತೀನಿ.”

“ಹಾಗೇ ಕೊಟ್ರೆ ಹಾಡು ಬರತ್ತಾ?”

“ಇಲ್ಲ.”

“ಮತ್ತೆ ಕೇಳ್ತೀಯಲ್ಲ,” ಎಂದು ಅವರು ಮುಂಗಟ್ಟೆಯ ಮೇಲೆ ಕೂತರು.

ಎರಡು ವರ್ಷದ ಹಿಂದೆ ಎರ್ರಾಶಿದಿಯಾ ಊರಿನ ಒಬ್ಬ ವಿದ್ಯಾರ್ಥಿಯ ಕನ್ಸೋಲನ್ನು ನಾನು ಇದೇ ಕೆಲಸದಲ್ಲಿ ಕೊಂದಿದ್ದೆ. ಒಂದು ಬದಿ ಬಿಡುವ ಮೊದಲೇ ಅವಸರದಿಂದ ಎತ್ತಿದೆ. ಮುಚ್ಚಳದ ಜೊತೆ ಕೆಳಗಿನ ಬಿಡಿಭಾಗಗಳೂ ಕಿತ್ತುಬಂದವು. ಅವನು ಬೈಯಲಿಲ್ಲ. ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೈಯ ಸ್ಥಿರವಿದ್ಯುತ್ತು ಬೋರ್ಡಿಗೆ ತಾಗದಂತೆ ಮಣಿಕಟ್ಟಿಗೆ ನೆಲತಂತಿಯ ಪಟ್ಟಿ ಕಟ್ಟಿಕೊಂಡೆ. ತೆಳ್ಳನೆಯ ಬ್ಲೇಡಿಗೆ ಮೂರು ಮಿಲಿಮೀಟರ್ ಬಿಟ್ಟು ಟೇಪು ಸುತ್ತಿದೆ, ಅದಕ್ಕಿಂತ ಆಳಕ್ಕೆ ಹೋಗಬಾರದೆಂದು. ಕೂದಲು ಒಣಗಿಸುವ ಯಂತ್ರದಿಂದ ಮುಚ್ಚಳವನ್ನು ಬೆಚ್ಚಗೆ ಮಾಡಿದೆ. ಚಿತ್ರದ ಚಿಪ್‌ನದು ಹತ್ತು ನಿಮಿಷದಲ್ಲಿ ಬಂತು. ಒಳಗೆ ನಾನಂದುಕೊಂಡ ಹಾಗೆಯೇ ಬಿಳಿ ಪುಡಿ, ಊದಿದರೆ ಹಾರುವಂತಿತ್ತು.

ಮುಖ್ಯ ಪ್ರೊಸೆಸರ್ ಹಾಗಲ್ಲ. ಬ್ಲೇಡನ್ನು ಬೋರ್ಡಿಗೆ ಸಮವಾಗಿ ಮಲಗಿಸಿ, ಕೂದಲೆಳೆಯಷ್ಟು ಒಳಗೆ, ಕೂದಲೆಳೆಯಷ್ಟು ಪಕ್ಕಕ್ಕೆ. ಬ್ಲೇಡು ಕೆಳಕ್ಕೆ ಬಾಗಿದರೆ ಬೋರ್ಡಿನ ಗೆರೆಗಳು ಹರಿಯುತ್ತವೆ. ಒಳಕ್ಕೆ ನುಗ್ಗಿದರೆ ಸಾಸಿವೆ ಕಾಳಿನಂಥ ಬಿಡಿಭಾಗಗಳು ಉದುರುತ್ತವೆ. ಎಡಬದಿ ಬಿಟ್ಟಿತು. ಕೆಳಬದಿ ಬಿಟ್ಟಿತು. ಬಲಬದಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬೆವರು ಕಣ್ಣಿಗಿಳಿಯುತ್ತಿತ್ತು, ಧೂಳೇಳಬಾರದೆಂದು ಫ್ಯಾನು ನಿಲ್ಲಿಸಿದ್ದೆ.

ಮೇಲ್ಬದಿಯೂ ಮೂಲೆಯವರೆಗೆ ಸುಮ್ಮನೆ ಬಂತು. ನಾಲ್ಕನೆಯ ಮೂಲೆಯಲ್ಲಿ ಬ್ಲೇಡು ನಿಂತಿತು. ಅಂಟು ಕತ್ತರಿಸುವಾಗ ಬೆಣ್ಣೆಯಲ್ಲಿ ಹೋದ ಹಾಗೆ ಮೃದುವಾಗಿರುತ್ತದೆ. ಇಲ್ಲಿ ‘ಕರ್’ ಎಂಬ ಸದ್ದು, ಗಾಜನ್ನು ಕೆರೆದ ಹಾಗೆ. ಕೈ ತೆಗೆದುಬಿಟ್ಟೆ.

ಭೂತಗನ್ನಡಿಯಲ್ಲಿ ನೋಡಿದೆ. ಮೂಲೆಯ ಸಂದಿಯಲ್ಲಿ ಗಟ್ಟಿಯಾದ, ಹೊಳೆಯುವ ಒಂದು ಗುಳ್ಳೆ. ಸುತ್ತ ಬೋರ್ಡಿನ ಮೇಲೆ ಮಂಜು ಕವಿದ ಹಾಗೆ ಬಿಳಿ ಛಾಯೆ. ಅದರ ಕೆಳಗೆ ಒಂದು ಗೀರು. ಇದು ಕಾರ್ಖಾನೆಯ ಅಂಟಲ್ಲ. ಯಾರೋ ಈ ಮೂಲೆಯನ್ನು ಎತ್ತಲು ನೋಡಿ, ಬ್ಲೇಡು ಜಾರಿ, ಹೆದರಿ, ಸೂಪರ್ ಗ್ಲೂ ಹಾಕಿ ಮುಚ್ಚಿದ್ದರು.

ಆ ಮೂಲೆಯ ಕೆಳಗೇ ಬಿಡಿಭಾಗಗಳ ಒಂದು ಸಾಲಿದೆ. ಅಂಟು ಹೊರಗೆ ಮಾತ್ರ ಇದೆಯೋ, ಒಳಗೆ ಹರಿದು ಆ ಸಾಲನ್ನೂ ಮುಚ್ಚಳಕ್ಕೆ ಕಚ್ಚಿಸಿದೆಯೋ, ಅದು ಕಾಣುವುದಿಲ್ಲ. ಹೊರಗೆ ಮಾತ್ರ ಇದ್ದರೆ ಬ್ಲೇಡಿನಿಂದಲೇ ಸೀಳಬಹುದು. ಒಳಗೆ ಹೋಗಿದ್ದರೆ ಬ್ಲೇಡು ಹಾಕಿದ ಕೂಡಲೇ ಎಲ್ಲ ಮುಗಿಯುತ್ತದೆ. ಎಷ್ಟು ಹನಿ ಬಿತ್ತು ಎಂಬುದು ಹಾಕಿದವನಿಗೇ ಗೊತ್ತು.

ಗಂಟೆ ಎರಡಾಗಿತ್ತು. ಎದ್ದು ಓಣಿ ದಾಟಿದೆ.

ತೀಬಾರಿ ಒಂದು ಫೋನಿನ ಒಡೆದ ಗಾಜು ಬಿಡಿಸುತ್ತಿದ್ದ. ಕನ್ನಡಕವನ್ನು ಹಣೆಯ ಮೇಲೇರಿಸಿ ನನ್ನನ್ನು ನೋಡಿದ.

“ದಾರಿ ತಪ್ಪಿ ಬಂದ್ಯಾ ತೂರಿಯಾ?”

“ಶೀಖಾ ಹದ್ದೂಮ್ ಕನ್ಸೋಲು. ವಸಂತದಲ್ಲಿ ನಿನ್ನ ಹತ್ರ ಇತ್ತು.”

“ನೂರು ಬರ್ತವೆ, ನೂರು ಹೋಗ್ತವೆ.”

“ಮುಚ್ಚಳದ ಮೂಲೆಲಿ ಸೂಪರ್ ಗ್ಲೂ ಇದೆ.”

“ನಾನು ಬಿಸಿಗಾಳಿ ಕೊಟ್ಟೆ, ಪೇಸ್ಟ್ ಹಚ್ಚಿದೆ, ಅಷ್ಟೆ. ಮುಚ್ಚಳ ಎತ್ತೋದು ನಿನ್ನಂಥ ದೊಡ್ಡೋರ ಕೆಲಸ ಅಲ್ವಾ.”

“ನಾನು ಜಗಳಕ್ಕೆ ಬಂದಿಲ್ಲ. ಎಷ್ಟು ಹನಿ ಹಾಕ್ದೆ, ಒಳಗೆ ಹೋಯ್ತಾ, ಅಷ್ಟು ಹೇಳು. ಹೋಗ್ತೀನಿ.”

“ನನಗೆ ಕೆಲಸ ಇದೆ,” ಎಂದು ಅವನು ಕನ್ನಡಕ ಇಳಿಸಿಕೊಂಡ.

ವಾಪಸು ಬಂದೆ. ಹದ್ದೂಮ್ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎದ್ದು ಶಾಲು ಸರಿಮಾಡಿಕೊಂಡರು.

“ಬೈಬೇಡ ಹದ್ದೂಮ್, ನಾಳೆಗೆ ಗಂಟಲು ಬೇಕು,” ಎಂದ ಜೀಲಾಲಿ.

ಅವರು ಬೈಯಲಿಲ್ಲ. ತೀಬಾರಿಯ ಗಿರಾಕಿಗಳ ಸ್ಟೂಲಿನ ಮೇಲೆ ಹೋಗಿ ಕೂತರು. ಓಣಿ ಕಿರಿದು, ಒಂದೊಂದು ಮಾತೂ ನನಗೆ ಕೇಳುತ್ತಿತ್ತು.

“ನೀನು ಅಬ್ದಾ ಸೀಮೆ ಕಡೆಯವನು. ಮಾತಿನಲ್ಲೇ ಗೊತ್ತಾಗತ್ತೆ. ಯಾವೂರು ಮಗನೇ?”

ತೀಬಾರಿ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟ. ಆಮೇಲೆ, “ಸೆಬ್ತ್ ಗ್ಝೂಲಾ ಹತ್ರ,” ಎಂದ.

“ಅಲ್ಲಿ ನಾನು ಹಾಡದ ಅಂಗಳ ಇಲ್ಲ. ನಿಮ್ಮನೇಲೂ ಹಾಡಿರ್ತೀನಿ.”

“ನಮ್ಮಕ್ಕನ ಮದುವೆಗೆ ಬಂದಿದ್ರಿ.” ಅವನ ದನಿ ತಗ್ಗಿತ್ತು. “ತಾಮು ಜೊತೆ. ನಾನು ಸಣ್ಣವನು.”

“ಹಾಗಾದ್ರೆ ನೀನು ಆಕೇನ ಕೇಳಿದೀಯ.”

“ಕೇಳಿದೀನಿ.”

“ಆ ಪೆಟ್ಟಿಗೆಯೊಳಗೆ ಇರೋದು ಆಕೇನೇ. ನಿನಗೆ ಹೇಳಿರ್ಲಿಲ್ಲ. ಹೇಳ್ಬೇಕಿತ್ತು ನಾನು.”

ಅಷ್ಟೆ. ಅವರು ಎದ್ದು ಬಂದು ಮತ್ತೆ ಮುಂಗಟ್ಟೆಯ ಮೇಲೆ ಕೂತರು. ಜೀಲಾಲಿ ಸಾರ್ಡೀನ್ ಮೀನು ತುಂಬಿದ ಬ್ರೆಡ್ಡು ತಂದಿದ್ದ, ಯಾರೂ ಮುಟ್ಟಲಿಲ್ಲ. ನಾನು ಬೋರ್ಡನ್ನೇ ನೋಡುತ್ತಾ ಕೂತೆ. ಬ್ಲೇಡು ಹಾಕಲೇ, ಬೇಡವೇ? ಒಮ್ಮೆ ಕೈಗೆತ್ತಿಕೊಂಡೆ. ಕೆಳಗಿಟ್ಟೆ.

ಹದಿನೈದು ನಿಮಿಷ ಕಳೆದಿರಬೇಕು. ತೀಬಾರಿ ತನ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಓಣಿ ದಾಟಿ, ನನ್ನ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಫೋನಿನ ಗಾಜು ಬಿಡಿಸುವ ತಂತಿಯ ಉರುಳೆ, ಕೂದಲಿಗಿಂತ ಸ್ವಲ್ಪ ದಪ್ಪದ ಉಕ್ಕಿನ ತಂತಿ.

“ಮೂರು ಹನಿ,” ಎಂದ. ನನ್ನನ್ನಲ್ಲ, ಬೋರ್ಡನ್ನು ನೋಡುತ್ತಾ. “ಒಂದು ಹೊರಗೆ. ಎರಡು ಒಳಗೆ ಹೋದ್ವು. ಎರಡನೇ ಸಲ ಬಂದಾಗ ಎತ್ತೋಕೆ ನೋಡ್ದೆ. ಜಾರ್ತು. ಇವರು ಹೊರಗೆ ಚಹಾ ಕುಡೀತಾ ಕೂತಿದ್ರು. ಏನ್ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ. ಅಂಟು ಹಾಕಿ, ಬಿಸಿಗಾಳಿ ಕೊಟ್ಟು, ಆಯ್ತು ಅಂದೆ.”

ಹದ್ದೂಮ್ ಅವನನ್ನೇ ನೋಡುತ್ತಿದ್ದರು. “ದುಡ್ಡು ಬೇರೆ ಇಸ್ಕೊಂಡ,” ಎಂದರು ಜೀಲಾಲಿಯ ಕಡೆ ತಿರುಗಿ.

ಬ್ಲೇಡು ಹಾಕಿದ್ದರೆ ಆ ಇಡೀ ಸಾಲು ಕಿತ್ತುಬರುತ್ತಿತ್ತು. ತೀಬಾರಿಗೆ ಹೇಳಬೇಕೆಂದು ನಾಲ್ಕು ವರ್ಷದಿಂದ ಕಟ್ಟಿಟ್ಟುಕೊಂಡ ಮಾತುಗಳಿದ್ದವು. ಅವನ್ನು ಬಿಟ್ಟು, ಬೋರ್ಡನ್ನು ಅವನ ಕಡೆ ತಿರುಗಿಸಿದೆ.

“ಕೂತ್ಕೋ,” ಎಂದೆ. “ಅಸಿಟೋನ್ ಇದೆಯಾ ನಿನ್ನ ಹತ್ರ?”

“ತಂದಿದೀನಿ.”

ಉಗುರಿನ ಬಣ್ಣ ತೆಗೆಯಲು ಹೆಂಗಸರು ಬಳಸುವುದೂ ಅದನ್ನೇ. ಸೂಪರ್ ಗ್ಲೂವನ್ನು ಅದು ನಿಧಾನವಾಗಿ ಕರಗಿಸುತ್ತದೆ. ಆದರೆ ಸುರಿಯುವಂತಿಲ್ಲ. ಸುತ್ತಲಿನ ಭಾಗಗಳಿಗೆಲ್ಲ ಟೇಪು ಅಂಟಿಸಿ ಮುಚ್ಚಿದೆವು. ಕರೆಂಟಿನ ಯಾವ ಸಾಧನವೂ ಹತ್ತಿರ ಇರದಂತೆ ಸರಿಸಿದೆವು, ಅದರ ಆವಿಗೆ ಒಂದು ಕಿಡಿ ಸಾಕು. ಸೂಜಿಯ ತುದಿಯಿಂದ ಸಂದಿಗೆ ಒಂದು ಹನಿ. ಐದು ನಿಮಿಷ ಕಾಯುವುದು, ಬಟ್ಟೆಯ ಚೂರಿನಿಂದ ಹೀರುವುದು, ಮತ್ತೊಂದು ಹನಿ. ಹೊಳೆಯುತ್ತಿದ್ದ ಗುಳ್ಳೆ ಮೊದಲು ಮಬ್ಬಾಯಿತು, ಆಮೇಲೆ ಗೋಂದಿನಂತಾಯಿತು. ಹೊರಗಿನ ಹನಿ ಹೋಗುವಾಗ ಮೂರೂವರೆ.

“ಇನ್ನು ತಂತಿ,” ಎಂದ ತೀಬಾರಿ. “ಬೋರ್ಡ್ ಹಿಡ್ಕೋ. ಮುಚ್ಚಳದ ಮೇಲೆ ಭಾರ ಹಾಕ್ಬೇಡ.”

“ಮಧ್ಯಕ್ಕೆ ತಂದ್ರೆ ಚಿಪ್‌ಗೆ ತಾಗತ್ತೆ.”

“ಗೊತ್ತು. ಮೂಲೆಯಷ್ಟೇ ಅಡ್ಡ ಹಾಯಿಸ್ತೀನಿ.”

ಬಲಬದಿಯ ಸಂದಿಯಿಂದ ತಂತಿಯ ಒಂದು ತುದಿ, ಮೇಲ್ಬದಿಯ ಸಂದಿಯಿಂದ ಇನ್ನೊಂದು. ಈಗ ತಂತಿ ಮೂಲೆಯನ್ನು ಅಡ್ಡವಾಗಿ ಸುತ್ತಿತ್ತು. ಅವನು ಎರಡೂ ತುದಿಗಳನ್ನು ಬೆರಳಿಗೆ ಸುತ್ತಿ, ಗರಗಸ ಎಳೆಯುವ ಹಾಗೆ, ಆದರೆ ಒಂದೊಂದು ಎಳೆತಕ್ಕೆ ಅಕ್ಕಿಕಾಳಿನಷ್ಟು, ಹೊರಮುಖವಾಗಿ ಎಳೆಯತೊಡಗಿದ. ತಂತಿಯನ್ನು ಮುಚ್ಚಳದ ಒಳಮೈಗೆ ಒತ್ತಿ ಹಿಡಿದಿದ್ದ, ಕೆಳಗಿನ ಸಾಲಿಗೆ ತಾಗದ ಹಾಗೆ. ಅವನ ಕೈ ನೋಡುತ್ತಿದ್ದೆ. ನಾವು ಚಿಕ್ಕವರಾಗಿದ್ದಾಗಲೇ ಮಾವ ಹೇಳುತ್ತಿದ್ದರು, ಇವನ ಬೆರಳಿಗೆ ಕಣ್ಣಿದೆ ಎಂದು. ಆ ಬೆರಳುಗಳನ್ನು ಅವನು ಬಿಸಿಗಾಳಿಯ ಗನ್ನು ಹಿಡಿಯಲು ಬಳಸಿದ್ದ ಎಂಬುದೇ ನನ್ನ ಸಿಟ್ಟು.

“ಇಬ್ರೂ ಉಸಿರಾಡಿ,” ಎಂದ ಜೀಲಾಲಿ. “ನೀವು ಸತ್ರೆ ಪೆಟ್ಟಿಗೆ ಯಾರು ಮುಚ್ಚೋದು.”

ಎಷ್ಟು ಹೊತ್ತು ಎಳೆದೆವೋ. ತಂತಿ ಒಮ್ಮೆ ತುಂಡಾಯಿತು, ಹೊಸದನ್ನು ಹಾಯಿಸಿದ. ಮತ್ತೆರಡು ಹನಿ ಅಸಿಟೋನ್. ಮತ್ತೆ ಎಳೆತ. ಆಮೇಲೆ ‘ಟಕ್’ ಎಂದು ಒಂದು ಸಣ್ಣ ಸದ್ದು.

ಮುಚ್ಚಳ ಅಲುಗಿತ್ತು. ಅದನ್ನು ನೇರವಾಗಿ ಮೇಲಕ್ಕೆ ಎತ್ತಿ, ತಿರುಗಿಸಿ ನೋಡಿದೆ. ಒಳಮೂಲೆಯಲ್ಲಿ ಉಳಿದ ಅಂಟಿನೊಳಗೆ, ಸಕ್ಕರೆಪಾಕದಲ್ಲಿ ಸಿಕ್ಕಿಕೊಂಡ ಎಳ್ಳಿನಂತೆ, ಒಂದೇ ಒಂದು ಬಿಡಿಭಾಗ. ಬೋರ್ಡಿನ ಕಡೆ ನೋಡಿದೆ. ಸಾಲಿನಲ್ಲಿ ಎಲ್ಲ ಇದ್ದವು, ಕೊನೆಯದರ ಜಾಗ ಖಾಲಿ.

“ಇದಿಲ್ದೆ ಓಡತ್ತಾ?” ಎಂದು ಹದ್ದೂಮ್ ಕೇಳಿದರು. ಅವರು ಯಾವಾಗ ಎದ್ದು ಬಂದು ನನ್ನ ಹಿಂದೆ ನಿಂತಿದ್ದರೋ.

“ಓಡಬಹುದು. ಓಡದೇನೂ ಇರಬಹುದು.”

“ಬಹುದು ಬೇಡ,” ಎಂದರು.

ಅದನ್ನು ಬೆಸುಗೆ ಹಾಕಿ ಕೂರಿಸಬೇಕಿತ್ತು. ನಾನು ದಪ್ಪ ಬೆಸುಗೆಯವಳು. ವಿದ್ಯುತ್ತಿನ ಪೆಟ್ಟಿಗೆ, ಸಾಕೆಟ್ಟು ಇಂಥವು. ಇಷ್ಟು ಚಿಕ್ಕದನ್ನು ದಿನಾ ಮಾಡುವವನು ನನ್ನ ಪಕ್ಕದಲ್ಲಿ ಕೂತಿದ್ದ. ಆದರೆ ಇದೇ ಮೂಲೆಯಲ್ಲಿ ಅವನ ಕೈ ಒಮ್ಮೆ ಜಾರಿತ್ತು. ಅವನೂ ಅದನ್ನೇ ಯೋಚಿಸುತ್ತಿದ್ದನೆಂದು ಕಾಣುತ್ತದೆ, ಬೆಸುಗೆ ಕಡ್ಡಿಯ ಕಡೆ ಕೈ ಚಾಚಲಿಲ್ಲ.

“ನೀನೇ ಮಾಡು,” ಎಂದೆ.

“ಮತ್ತೆ ಕೆಟ್ರೆ?”

“ನೀನು ಒಬ್ನೇ ಕೆಡ್ಸಿದ್ದಲ್ಲ ಅಂತ ನಾನೇ ಸಂತೆಗೆಲ್ಲ ಹೇಳ್ತೀನಿ. ಮಾಡು.”

ಅಸಿಟೋನ್ ಬಾಟಲಿಯನ್ನು ದೂರ ಕಳಿಸಿ, ಬೋರ್ಡು ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಕಾದೆವು. ಆ ಎಂಟು ನಿಮಿಷ ಇಡೀ ದಿನಕ್ಕಿಂತ ಉದ್ದವಾಗಿತ್ತು. ತೀಬಾರಿ ಬಿಡಿಭಾಗವನ್ನು ಅಂಟಿನಿಂದ ಬಿಡಿಸಿ, ಚಿಮುಟದಲ್ಲಿ ಎತ್ತಿ, ಅದರ ಜಾಗದಲ್ಲಿಟ್ಟ. ಬೆಸುಗೆ ಕಡ್ಡಿ ಮುಟ್ಟಿಸಿದ. ಒಂದು ತುದಿ. ಇನ್ನೊಂದು ತುದಿ. ಒಂದು ಎಳೆ ಹೊಗೆ ಎದ್ದು ಹೋಯಿತು. ಭೂತಗನ್ನಡಿಯಲ್ಲಿ ನೋಡಿದೆ, ನೆಟ್ಟಗೆ ಕೂತಿತ್ತು. ಮೀಟರಿನಿಂದ ಅಳೆದೆ. ಸರಿಯಿತ್ತು.

ಆಮೇಲಿನದು ನನ್ನ ಕೈಗೆ ರೂಢಿಯಾದ ಕೆಲಸ. ಎರಡೂ ಚಿಪ್‌ಗಳ ಮೇಲಿನ ಸುಣ್ಣವನ್ನು ಸ್ಪಿರಿಟ್ಟಿನಿಂದ ಒರೆಸಿದಾಗ ಅವು ಕನ್ನಡಿಯ ಹಾಗೆ ಹೊಳೆದವು. ಹೊಸ ಪೇಸ್ಟ್ ತೆಳ್ಳಗೆ ಹಚ್ಚಿದೆ, ಹಳೆಯ ಅಂಟನ್ನೆಲ್ಲ ಕೆರೆದು ಮುಚ್ಚಳಗಳನ್ನು ಕೂರಿಸಿದೆ. ಮತ್ತೆ ಅಂಟು ಹಾಕಲಿಲ್ಲ, ಮೇಲಿನ ಲೋಹದ ಹಿಡಿಪಟ್ಟಿಯ ಒತ್ತಡವೇ ಸಾಕು. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಟಿವಿಗೆ ಜೋಡಿಸಿ ಗುಂಡಿ ಒತ್ತಿದೆ.

ಹಸಿರು ದೀಪ. ಫ್ಯಾನು ತಿರುಗಿತು. ಹದ್ದೂಮ್ ಕಣ್ಣು ಮುಚ್ಚಿಕೊಂಡರು, ಬುಸುಗುಡುವುದಕ್ಕೆ ಕಾಯುತ್ತಾ. ಎರಡು ನಿಮಿಷ. ಫ್ಯಾನು ಪಿಸುಗುಟ್ಟುವಷ್ಟೇ ಸದ್ದು ಮಾಡುತ್ತಿತ್ತು. ಮೂರು. ನಾಲ್ಕು. ನಾಲ್ಕೂವರೆ ನಿಮಿಷಕ್ಕೆ ತೀಬಾರಿ ಕೈಯನ್ನು ಪೆಟ್ಟಿಗೆಯ ಹಿಂಭಾಗಕ್ಕೆ ಹಿಡಿದು, “ಬಿಸಿ ಹೊರಗೆ ಬರ್ತಿದೆ,” ಎಂದ. ನಾನು ಮೊದಲು ಮಾಡಿದ್ದು ವಿಡಿಯೊವನ್ನು ಒಂದು ಪೆನ್ ಡ್ರೈವಿಗೆ ನಕಲು ಮಾಡಿದ್ದು. ಪೂರ್ತಿಯಾಗಲು ಏಳು ನಿಮಿಷ ಹಿಡಿಯಿತು. ಮುಗಿದ ಮೇಲೆ ಡ್ರೈವನ್ನು ಕಿತ್ತು ಹದ್ದೂಮ್ ಅವರ ಅಂಗೈಗೆ ಹಾಕಿದೆ. ಅವರು ಅದನ್ನು ಎದೆಯ ಸಂದಿಗೆ ಸೇರಿಸಿಕೊಂಡು, “ಈಗ ಹಾಕು,” ಎಂದರು.

ಅಂಗಳ, ಚಾಪೆಗಳು, ಮಸುಕು ಬಣ್ಣ. ನಡುವೆ ದಪ್ಪಗಿನ ಹೆಂಗಸು ತಾಮು, ಪಕ್ಕದಲ್ಲಿ ಕಪ್ಪು ಕೂದಲಿನ ಹದ್ದೂಮ್, ಹಿಂದೆ ತೆಳ್ಳಗಿನ ಜೀಲಾಲಿ.

“ಹಲ್ಲೆಲ್ಲ ಇದ್ವು ನನಗೆ,” ಎಂದ ಜೀಲಾಲಿ.

ಮೂರನೆಯ ಭಾಗಕ್ಕೆ ಓಡಿಸಿದೆ. ತಾಮುವಿನ ದನಿ ಎದ್ದಿತು. ನಾನು ಕಾಸಾದವಳು, ಅಬ್ದಾ ಕಡೆಯ ಮಾತು ನನಗೆ ಅರ್ಧ ತಿಳಿಯದು. ತೀಬಾರಿ ಒಂದು ರಸೀದಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದ. ಹದ್ದೂಮ್ ತುಟಿ ಅಲುಗಿಸುತ್ತಿದ್ದರು. ಎಂಟು ಸಾಲು, ಹತ್ತು ಸಾಲು. ಅಷ್ಟರಲ್ಲಿ ವಿಡಿಯೊದಲ್ಲಿ ಕುದುರೆ ಸವಾರರು ಮದುವೆಯ ಸಡಗರಕ್ಕೆ ಅಂಗಳದ ಹೊರಗೆ ಮದ್ದಿನ ಕೋವಿಗಳನ್ನು ಒಟ್ಟಿಗೆ ಹಾರಿಸಿದರು. ಸದ್ದು ಒಂದರ ಮೇಲೊಂದು ಬಂತು. ತಾಮುವಿನ ಬಾಯಿ ಅಲುಗುತ್ತಿತ್ತು, ಒಂದು ಮಾತೂ ಕೇಳಲಿಲ್ಲ. ಹೊಗೆ ಸರಿಯುವಾಗ ಆಕೆ ಮುಂದಿನ ಸಾಲಿಗೆ ಹೋಗಿದ್ದಳು.

ಮೂರು ಸಲ ಹಿಂದಕ್ಕೋಡಿಸಿದೆ. ದನಿ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ಮುಂದಿನದನ್ನು ಭಾಗದ ಕೊನೆಯವರೆಗೆ ತೀಬಾರಿ ಬರೆದುಕೊಂಡ, ಎರಡು ಸಾಲು ಮಾತ್ರ ಹೋಗಿದ್ದವು. ಅವನ್ನು ಯಾರ ಬ್ಲೇಡೂ ಕೊಯ್ದಿರಲಿಲ್ಲ. ಅವು ಮೊದಲೇ ಇರಲಿಲ್ಲ.

ನನ್ನ ಮುಖ ಹೇಗಾಗಿತ್ತೋ, ಹದ್ದೂಮ್ ನನ್ನ ಕೆನ್ನೆ ತಟ್ಟಿದರು. “ಅಳ್ಬೇಡ ಮಗಳೇ. ಇಪ್ಪತ್ತರಲ್ಲಿ ಹದಿನೆಂಟು ಸಿಕ್ತಲ್ಲ.” ತೀಬಾರಿ ಬರೆದ ಹಾಳೆಯನ್ನು ಜೀಲಾಲಿ ಮಡಚಿ ಪಿಟೀಲಿನ ಪೆಟ್ಟಿಗೆಯಲ್ಲಿಟ್ಟ. ಟ್ಯಾಕ್ಸಿ ಹಿಡಿಯಲು ಓಡುವ ಮೊದಲು ಹದ್ದೂಮ್ ತೀಬಾರಿಯ ಮುಂದೆ ನಿಂತರು.

“ನಿಮ್ಮಕ್ಕ ಹೇಗಿದಾಳೆ?”

“ಚೆನ್ನಾಗಿದಾಳೆ ಖಾಲ್ತಿ. ಮೊಮ್ಮಕ್ಕಳಿದಾರೆ.”

“ನನ್ನ ಸಲಾಮು ಹೇಳು. ವಸಂತದಲ್ಲಿ ಏನ್ ಮಾಡ್ದೆ, ಇವತ್ತು ಏನ್ ಮಾಡ್ದೆ, ಎರಡೂ ಹೇಳು.”

ಶುಕ್ರವಾರ ಮಧ್ಯಾಹ್ನ ಅವರು ಫೋನು ಮಾಡಿದರು. ಐದೂ ಭಾಗ ಹಾಡಿದ್ದಾಯಿತಂತೆ. ನಿಲ್ಲಿಸದೆ, ನಲವತ್ತೆರಡು ನಿಮಿಷ.

“ಆ ಎರಡು ಸಾಲು ಏನ್ ಮಾಡಿದ್ರಿ?” ಎಂದು ಕೇಳಿದೆ.

“ರೈಲು ಬೂಝ್ನಿಕಾ ದಾಟೋ ಹೊತ್ತಿಗೆ ನನ್ನವೇ ಎರಡು ಬಂದ್ವು. ಜೀಲಾಲಿಗೆ ಹೇಳ್ದೆ, ಮೊದಲನೇದು ಚೆನ್ನಾಗಿದೆ, ಎರಡನೇದು ಬೆಂದಿಲ್ಲ ಅಂದ. ರಬಾತ್ ಬರೋದ್ರೊಳಗೆ ಬೇಯಿಸ್ದೆ. ಸ್ಟುಡಿಯೊದವರು ಕೇಳಿದ್ರು, ಹೇಳ್ಬಿಟ್ಟೆ, ಇವೆರಡು ತಾಮುದಲ್ಲ, ನನ್ನವು ಅಂತ. ಬರ್ಕೊಂಡ್ರು.”

ಸೋಮವಾರ ತೀಬಾರಿ ಒಂದು ಕನ್ಸೋಲನ್ನು ಎತ್ತಿಕೊಂಡು ಓಣಿ ದಾಟಿ ಬಂದ. ಗಿರಾಕಿಗೆ ಹತ್ತು ನಿಮಿಷವಲ್ಲ, ಎರಡು ದಿನ ಬೇಕಾಗುತ್ತದೆ ಎಂದು ಹೇಳಿದ್ದನಂತೆ. ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ. ನಾನು ಮೇಜಿನ ಮೇಲಿನ ಸಾಮಾನನ್ನು ಪಕ್ಕಕ್ಕೆ ಸರಿಸಿ, ಮಾವ ಕೂರುತ್ತಿದ್ದ ಸ್ಟೂಲನ್ನು ಅವನ ಕಡೆ ದೂಡಿದೆ.